ತೊಟ್ಟಿ ತುಂಬುವಾಗ ಕೊಳವೆ ಏಕೆ ಗುಡುಗುತ್ತದೆ?

ರಾತ್ರಿ ಊರೆಲ್ಲ ನಿಶ್ಶಬ್ದವಾದ ಮೇಲೆ ಮನೆಯಲ್ಲಿ ಯಾರೋ ಎದ್ದು ಶೌಚಾಲಯಕ್ಕೆ ಹೋಗಿ ಫ್ಲಷ್ ಒತ್ತಿದರೆಂದು ಭಾವಿಸಿರಿ. ನೀರು ಭೋರೆಂದು ಇಳಿದುಹೋಗುತ್ತದೆ. ಆ ಸದ್ದು ಎಲ್ಲರಿಗೂ ಪರಿಚಿತವಾದದ್ದು. ಅದರಿಂದ ಯಾರ ನಿದ್ದೆಯೂ ಕೆಡುವುದಿಲ್ಲ. ಆದರೆ ಕೆಲವು ಮನೆಗಳಲ್ಲಿ ನಿಜವಾದ ಗದ್ದಲ ಆರಂಭವಾಗುವುದು ಅನಂತರ. ಬರಿದಾದ ತೊಟ್ಟಿಗೆ ನೀರು ತುಂಬತೊಡಗಿದೊಡನೆ ಗೋಡೆಯೊಳಗಿನ ಕೊಳವೆ ಸುಯ್ಯೆನ್ನುತ್ತದೆ. ತೊಟ್ಟಿ ಮುಕ್ಕಾಲು ತುಂಬಿದಾಗ ಆ ಸದ್ದು ದಪ್ಪವಾಗಿ ಗುಂಯ್ಗುಡುತ್ತದೆ. ಕಟ್ಟಕಡೆಗೆ ಯಾರೋ ಗೋಡೆಗೆ ಸುತ್ತಿಗೆಯಿಂದ ಹೊಡೆದಂತೆ ದಡ್ ದಡ್ ಎಂದು ಸದ್ದಾಗಿ ಎಲ್ಲವೂ ನಿಂತುಹೋಗುತ್ತದೆ. ಅಷ್ಟರಲ್ಲಿ ಪಕ್ಕದ ಕೋಣೆಯ ಮಗು ಎಚ್ಚೆತ್ತಿರುತ್ತದೆ.

ಬಹುಮಂದಿ ಈ ಸದ್ದನ್ನು ಮಳೆಗಾಲದ ಕಪ್ಪೆಯ ಕೂಗಿನಂತೆ ಅನಿವಾರ್ಯವೆಂದು ಸಹಿಸಿಕೊಳ್ಳುತ್ತಾರೆ. ಕೆಲವರು ಪ್ಲಂಬರನನ್ನು ಕರೆಸಿ ತೊಟ್ಟಿಯನ್ನೇ ಬದಲಾಯಿಸುತ್ತಾರೆ. ಹೊಸ ತೊಟ್ಟಿ ಕೂಡಿಸಿದ ಎಂಟು ದಿನಗಳಲ್ಲಿ ಹಳೆಯ ಸದ್ದು ಮರಳಿ ಬರುವುದೂ ಉಂಟು. ಕಾರಣವನ್ನು ಅರಿಯದೆ ಮಾಡಿದ ಚಿಕಿತ್ಸೆಗೆ ಇದಕ್ಕಿಂತ ಹೆಚ್ಚಿನ ಫಲವನ್ನು ನಿರೀಕ್ಷಿಸುವಂತಿಲ್ಲ. ಕೊಳವೆಯ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಗೋಡೆಗೆ ಕಿವಿಯಿಟ್ಟು ಅಲೆಯುವುದು ಸಾಮಾನ್ಯವಾದ ಕ್ರಮ. ಆದರೆ ಲೋಹದ ಕೊಳವೆಯಲ್ಲಿ ಸದ್ದು ಕ್ಷಣಾರ್ಧದಲ್ಲಿ ಮನೆಯ ಮೂಲೆಮೂಲೆಗೂ ಹರಡಿಬಿಡುವುದರಿಂದ ಅದರ ಹುಟ್ಟಿನ ಸ್ಥಳವನ್ನು ಕಿವಿ ಗುರುತಿಸಲಾರದು. ಸದ್ದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಮಾತ್ರ ಅದರ ಕಾರಣ ತಾನಾಗಿಯೇ ಹೊರಬೀಳುತ್ತದೆ. ತುಂಬುವುದರ ಆದಿಯಲ್ಲೋ, ಉದ್ದಕ್ಕೂ ಒಂದೇ ಸಮನಾಗಿಯೋ, ಮುಗಿಯುವ ಹೊತ್ತಿಗೋ, ಮುಗಿದ ಮರುಕ್ಷಣದಲ್ಲೋ? ಈ ನಾಲ್ಕು ಸಂದರ್ಭಗಳ ಸದ್ದುಗಳು ನಾಲ್ಕು ಬೇರೆ ಬೇರೆ ಕಾರಣಗಳಿಂದ ಹುಟ್ಟತಕ್ಕವು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಕಡೆಯ ವಾಚಕರಿಗೆ ಈ ವಿಚಾರ ವಿಶೇಷವಾಗಿ ಪ್ರಯೋಜನಕಾರಿಯಾದೀತು. ಈ ಸೀಮೆಯಲ್ಲಿ ನಳದ ನೀರು ಸರದಿಯಂತೆ ಬರುವುದು ಬಹುಕಾಲದ ರೂಢಿ. ಬೇಸಗೆಯಲ್ಲಿ ತುಂಗಭದ್ರೆ ಸೊರಗಿದಾಗ ಸರದಿ ಇನ್ನೂ ದೂರವಾಗುವುದನ್ನು ಇಲ್ಲಿಯವರು ಬಲ್ಲರು. ಆದುದರಿಂದ ಬಂದ ನೀರನ್ನು ನೆಲದ ಸಂಪಿನಲ್ಲಿ ಹಿಡಿದು, ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಮನೆಗೆಲ್ಲ ಹರಿಸುವ ಏರ್ಪಾಡು ಮನೆಮನೆಗಳಲ್ಲಿಯೂ ಬೆಳೆದುಬಂದಿತು. ಇಂಥ ಮನೆಯ ನೆಲಮಹಡಿಯ ಶೌಚಾಲಯಕ್ಕೂ ಟ್ಯಾಂಕಿಗೂ ನಡುವೆ ಸುಮಾರು ೪ ಮೀಟರು ಎತ್ತರವಿರುತ್ತದೆ. ನೀರಿನ ಕಂಬ ೧೦ ಮೀಟರು ಎತ್ತರವಿದ್ದರೆ ಅದರ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸರಿಸುಮಾರು ೧ ಕಿಲೋಗ್ರಾಂ ಒತ್ತಡವಿರುವುದೆಂಬುದು ನಿಮಗೆ ತಿಳಿದೇ ಇದೆ. ಹೀಗಾಗಿ ಮಾಳಿಗೆಯ ಟ್ಯಾಂಕು ಕೊಡುವ ಒತ್ತಡ ೦.೪ ಕಿಲೋಗ್ರಾಂ ಮಾತ್ರ. ಇದು ಸೌಮ್ಯವಾದ ಒತ್ತಡ. ಇದರಲ್ಲಿ ಕೊಳವೆಗಳು ಗದ್ದಲ ಮಾಡುವುದು ಅಪರೂಪ.

ಈಚಿನ ವರ್ಷಗಳಲ್ಲಿ ಪರಿಸ್ಥಿತಿ ಬದಲಾಗತೊಡಗಿದೆ. ದಿನವಿಡೀ ಒತ್ತಡದೊಡನೆ ನೀರು ಕೊಡುವ ಪ್ರಯೋಗವನ್ನು ನಮ್ಮ ರಾಜ್ಯದಲ್ಲಿ ಮೊದಲು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಬಡಾವಣೆಗಳಲ್ಲಿ ನಡೆಸಿದರು. ಅನಂತರ ೨೦೧೪ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಸಾಲ ಮಂಜೂರು ಮಾಡಿದ ನಗರ ಜಲ ಯೋಜನೆಯೊಂದರ ಮೊದಲ ಹಂತದಲ್ಲಿ ದಾವಣಗೆರೆ, ಹರಿಹರಗಳ ಜೊತೆಗೆ ರಾಣೆಬೆನ್ನೂರು, ಬ್ಯಾಡಗಿಗಳನ್ನೂ ಸೇರಿಸಿಕೊಂಡರು. ನಿರಂತರ ನೀರು, ಮನೆಗೊಂದು ಮೀಟರು—ಇವು ಇಂಥ ಯೋಜನೆಗಳ ಗುರಿ. ನಮ್ಮ ದೇಶದ ೧೯೯೯ರ ನೀರು ಸರಬರಾಜು ಕೈಪಿಡಿಯ ಪ್ರಕಾರ ಬೀದಿಯ ಕೊಳವೆಯಲ್ಲಿ ಒಂದಂತಸ್ತಿನ ಮನೆಗಳಿಗೆ ಕನಿಷ್ಠ ೭ ಮೀಟರು, ಎರಡಂತಸ್ತಿಗೆ ೧೨, ಮೂರಂತಸ್ತಿಗೆ ೧೭ ಮೀಟರು ಎತ್ತರದ ನೀರಿನ ಒತ್ತಡವಿರಬೇಕಾಗಿತ್ತು. ಬೀದಿಯ ಕೊಳವೆಯನ್ನು ನೇರವಾಗಿ ಶೌಚಾಲಯಕ್ಕೆ ಜೋಡಿಸಿದರೆ ಹಳೆಯ ಒತ್ತಡದ ಎರಡು ಮೂರು ಪಟ್ಟು ಒಮ್ಮೆಗೇ ಬಂದಂತಾಯಿತು. ರಾತ್ರಿ ಊರಿನವರೆಲ್ಲ ನಲ್ಲಿ ಮುಚ್ಚಿದಾಗ ಅದು ಮತ್ತಷ್ಟು ಏರುತ್ತದೆ. ಸ್ನಾನದ ನೀರು ಜೋರಾಗಿ ಬೀಳಲೆಂದು ಪ್ರೆಷರ್ ಪಂಪು ಕೂಡಿಸಿದ ಮನೆಗಳಲ್ಲಿಯೂ ಇದೇ ಸಂಗತಿ. ಒತ್ತಡ ಹೊಸದು, ತೊಟ್ಟಿಯೊಳಗಿನ ಕವಾಟ ಹಳೆಯದು. ಗದ್ದಲದ ಬೀಜವಿರುವುದು ಇಲ್ಲಿ.

ಮೊದಲು ಸುತ್ತಿಗೆಯ ಹೊಡೆತದಂಥ ಸದ್ದನ್ನು ತೆಗೆದುಕೊಳ್ಳೋಣ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಒಂದೇ ರೈಲುದಾರಿಯಲ್ಲಿವೆ. ಸ್ಟೇಷನ್ನಿನಲ್ಲಿ ನಿಂತು ಗೂಡ್ಸ್ ಗಾಡಿ ನಿಲ್ಲುವುದನ್ನು ನೋಡಿದವರಿಗೆ ಈ ಸದ್ದಿನ ರಹಸ್ಯವನ್ನು ತಿಳಿಯುವುದು ಕಷ್ಟವಲ್ಲ. ಎಂಜಿನ್ನು ತಟ್ಟನೆ ನಿಂತರೆ ಅದರ ಹಿಂದಿನ ಡಬ್ಬಿ ಬಂದು ಅದಕ್ಕೆ ತಾಗುತ್ತದೆ. ಅದಕ್ಕೆ ಮೂರನೆಯದು, ಮೂರನೆಯದಕ್ಕೆ ನಾಲ್ಕನೆಯದು. ಕೊಂಡಿಗಳ ಸಡಿಲವೆಲ್ಲ ಒಂದೊಂದಾಗಿ ಮುಚ್ಚಿಹೋಗುತ್ತ, ಢಣ ಢಣ ಢಣ ಎಂಬ ಸದ್ದು ಗಾಡಿಯ ಬಾಲದ ಕಡೆಗೆ ಓಡುತ್ತದೆ. ಡಬ್ಬಿಗಳೆಲ್ಲ ಮುಂದಕ್ಕೆ ಹೋಗುತ್ತಿದ್ದವು, ಸದ್ದು ಮಾತ್ರ ಹಿಂದಕ್ಕೆ ಹೋಯಿತೆಂಬುದನ್ನು ಗಮನಿಸಿರಿ. ಕೊಳವೆಯಲ್ಲಿ ಹರಿಯುತ್ತಿರುವ ನೀರೂ ಉದ್ದವಾದ ಗಾಡಿಯೇ. ನಲ್ಲಿಯನ್ನು ಥಟ್ಟನೆ ಮುಚ್ಚಿದರೆ ಮುಂದಿನ ನೀರು ನಿಲ್ಲುತ್ತದೆ. ಆದರೆ ಹಿಂದಿನ ನೀರಿಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಅದು ಬಂದು ಮುಂದಿನ ನೀರನ್ನು ಒತ್ತುತ್ತದೆ. ಈ ಒತ್ತಡ ಅಲೆಯಾಗಿ ಕೊಳವೆಯ ಮೂಲದ ಕಡೆಗೆ ಓಡುತ್ತದೆ. ಇದಕ್ಕೆ ಜಲಾಘಾತವೆಂದು ಹೆಸರು. ಪ್ಲಂಬರರು ವಾಟರ್ ಹ್ಯಾಮರ್ ಎನ್ನುತ್ತಾರೆ.

ಗಾಡಿಗೂ ನೀರಿಗೂ ಒಂದು ವ್ಯತ್ಯಾಸವುಂಟು. ಗಾಡಿಯ ಕೊಂಡಿಗಳಲ್ಲಿ ಬೇಕಾದಷ್ಟು ಸಡಿಲವಿದೆ. ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಂ ಒತ್ತಡವನ್ನು ಹೇರಿದರೆ ನೀರು ತನ್ನ ಗಾತ್ರದಲ್ಲಿ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಕುಗ್ಗುತ್ತದೆ. ಆದುದರಿಂದ ನೀರಿನಲ್ಲಿ ಒತ್ತಡದ ಅಲೆ ಬಲು ವೇಗವಾಗಿ ಚಲಿಸುತ್ತದೆ. ೧೮೨೬ರಲ್ಲಿ ಕೊಲಾಡನ್, ಸ್ಟರ್ಮ್ ಎಂಬ ಇಬ್ಬರು ಜಿನೀವಾ ಸರೋವರದಲ್ಲಿ ಈ ವೇಗವನ್ನು ಅಳೆದರು. ಒಂದು ದೋಣಿಯಲ್ಲಿ ನೀರಿನೊಳಗೆ ಇಳಿಬಿಟ್ಟ ಗಂಟೆಯನ್ನು ಬಡಿಯುವುದು, ಅದೇ ಕ್ಷಣ ಮದ್ದನ್ನು ಹೊತ್ತಿಸಿ ಬೆಳಕು ತೋರಿಸುವುದು. ಬಹುದೂರದ ಇನ್ನೊಂದು ದೋಣಿಯಲ್ಲಿ ಕುಳಿತವರು ಬೆಳಕು ಕಂಡ ಎಷ್ಟು ಹೊತ್ತಿನ ಮೇಲೆ ನೀರಿನೊಳಗಿನ ನಾದ ಕೇಳಿತೆಂದು ಲೆಕ್ಕ ಹಾಕುವುದು. ೮ ಡಿಗ್ರಿ ಉಷ್ಣತೆಯ ಆ ತಣ್ಣೀರಿನಲ್ಲಿ ಅವರಿಗೆ ದೊರೆತ ವೇಗ ಸೆಕೆಂಡಿಗೆ ೧,೪೩೫ ಮೀಟರು. ಗಾಳಿಯಲ್ಲಿ ಶಬ್ದದ ವೇಗಕ್ಕಿಂತ ಇದು ನಾಲ್ಕು ಪಟ್ಟಿಗೂ ಹೆಚ್ಚು. ಕೊಳವೆಯೊಳಗೆ ಅಲೆಯ ವೇಗ ಸ್ವಲ್ಪ ಇಳಿಯುತ್ತದೆ, ಏಕೆಂದರೆ ಒತ್ತಡಕ್ಕೆ ಕೊಳವೆಯ ಗೋಡೆಯೂ ತುಸು ಹಿಗ್ಗುತ್ತದೆ. ಕಬ್ಬಿಣದ ಜಿ.ಐ. ಕೊಳವೆಯಲ್ಲಿ ಸುಮಾರು ೧,೩೦೦ ಮೀಟರು, ಮೆತ್ತಗಿನ ಪಿ.ವಿ.ಸಿ. ಕೊಳವೆಯಲ್ಲಿ ೪೦೦ರಿಂದ ೫೦೦ ಮೀಟರು.

ಹೊಡೆತದ ಬಲವೆಷ್ಟು? ಇದನ್ನು ಕ್ರಮವಾಗಿ ನಿರ್ಧರಿಸಿದವರಲ್ಲಿ ಮುಖ್ಯನಾದವನು ರಷ್ಯದ ವಿಜ್ಞಾನಿ ಝುಕೋವ್‌ಸ್ಕಿ. ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ೧೮೯೮ರಲ್ಲಿ ಅವನು ಮಂಡಿಸಿದ ನಿಯಮ ಅತ್ಯಂತ ಸರಳವಾದುದು: ನೀರಿನ ಸಾಂದ್ರತೆ, ಅಲೆಯ ವೇಗ, ನಿಂತುಹೋದ ಪ್ರವಾಹದ ವೇಗ ಈ ಮೂರನ್ನೂ ಗುಣಿಸಿದರೆ ಏರಿದ ಒತ್ತಡ ದೊರೆಯುತ್ತದೆ. ಕೊಳವೆ ಉದ್ದವೋ ಗಿಡ್ಡವೋ ಎಂಬುದು ಇದರಲ್ಲಿ ಬರುವುದೇ ಇಲ್ಲ. ಇದನ್ನು ನಿಮ್ಮ ಮನೆಯ ಕೊಳವೆಗೆ ಅನ್ವಯಿಸಿ ನೋಡಿರಿ. ಅರ್ಧ ಇಂಚಿನ ಕೊಳವೆಯ ಒಳವ್ಯಾಸ ೧.೫ ಸೆಂಟಿಮೀಟರು ಎಂದುಕೊಂಡರೆ ಅದರ ಬಾಯಿಯ ವಿಸ್ತೀರ್ಣ ೧.೭೭ ಚದರ ಸೆಂಟಿಮೀಟರು. ೧೦ ಲೀಟರಿನ ತೊಟ್ಟಿ ೧೦೦ ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ೧೦೦ ಘನ ಸೆಂಟಿಮೀಟರು ನೀರು ಹರಿದಂತಾಯಿತು. ಆದುದರಿಂದ ಕೊಳವೆಯಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು ೫೬ ಸೆಂಟಿಮೀಟರು. ಜಿ.ಐ. ಕೊಳವೆಯಲ್ಲಿ ಈ ಪ್ರವಾಹವನ್ನು ತಟ್ಟನೆ ತಡೆದರೆ ಒತ್ತಡ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ೭.೫ ಕಿಲೋಗ್ರಾಂ ಏರುತ್ತದೆ! ಎಂದರೆ ೭೫ ಮೀಟರು ಎತ್ತರದ ನೀರಿನ ಕಂಬವನ್ನು ಒಂದು ಕ್ಷಣ ತಂದು ನಿಲ್ಲಿಸಿದಂತೆ. ಪಿ.ವಿ.ಸಿ. ಕೊಳವೆಯಲ್ಲಿ ಇದರ ಮೂರನೆಯ ಒಂದು ಪಾಲಿನಷ್ಟು. ಈಗಿನ ಮನೆಗಳಲ್ಲಿ ಕಾಣುವ, ಕೈಯಲ್ಲಿ ಹಿಡಿದು ಒತ್ತುವ ಜೆಟ್ ಸ್ಪ್ರೇ, ಕಾಲು ಸುತ್ತಿಗೆ ಮುಚ್ಚಿಕೊಳ್ಳುವ ನಲ್ಲಿ, ಬಟ್ಟೆ ಒಗೆಯುವ ಯಂತ್ರದ ವಿದ್ಯುತ್ ಕವಾಟ ಮೊದಲಾದವು ನೀರನ್ನು ಕಣ್ಣೆವೆಯಿಕ್ಕುವಷ್ಟರಲ್ಲಿ ತಡೆಯುತ್ತವೆ. ತೊಟ್ಟಿಯ ಮೇಲೆ ಹೊರಿಸಿದ ಎಷ್ಟೋ ಅಪವಾದಗಳು ನಿಜವಾಗಿ ಸೇರಬೇಕಾದದ್ದು ಪಕ್ಕದಲ್ಲಿ ನೇತಾಡುವ ಜೆಟ್ ಸ್ಪ್ರೇಗೆ.

ಮುಚ್ಚುವ ಕ್ರಿಯೆ ನಿಧಾನವಾದರೆ ಹೊಡೆತ ತಗ್ಗುತ್ತದೆ. ಎಷ್ಟು ನಿಧಾನ? ಅಲೆಯು ಕೊಳವೆಯ ಮೂಲಕ್ಕೆ ಹೋಗಿ ಹಿಂದಿರುಗುವ ಕಾಲವೇ ಇದರ ಅಳತೆಗೋಲು. ೧೩ ಮೀಟರು ಉದ್ದದ ಜಿ.ಐ. ಕೊಳವೆಯಲ್ಲಿ ಅಲೆ ೨೬ ಮೀಟರು ಓಡಿ ಬರಲು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಮುಚ್ಚಲು ಇದರ ಹತ್ತಾರು ಪಟ್ಟು ಕಾಲ ತೆಗೆದುಕೊಂಡರೆ, ಹಿಂದಿರುಗಿದ ಅಲೆ ಏರುವ ಒತ್ತಡವನ್ನು ಆಗಿಂದಾಗ ಇಳಿಸುತ್ತ ಬರುತ್ತದೆ. ಹಳೆಯ ಕಾಲದ, ಮೂರು ನಾಲ್ಕು ಸುತ್ತು ತಿರುಗಿಸಬೇಕಾದ ಹಿತ್ತಾಳೆ ನಲ್ಲಿಯ ದೊಡ್ಡ ಗುಣ ಇದೇ ಆಗಿತ್ತು.

ಇಲ್ಲಿ ವಾಚಕರಿಗೆ ಒಂದು ಸಂಶಯ ಬರಬೇಕು. ಫ್ಲಷ್ ತೊಟ್ಟಿಯ ಕವಾಟ ಮೆಲ್ಲಮೆಲ್ಲಗೆ ಮುಚ್ಚುವಂಥದು. ನೀರು ಏರಿದಂತೆ ತೇಲುಗುಂಡು ಏರುತ್ತದೆ. ಅದಕ್ಕೆ ಜೋಡಿಸಿದ ಸನ್ನೆಗೋಲು ರಬ್ಬರಿನ ವಾಷರನ್ನು ನೀರಿನ ಕಂಡಿಗೆ ಒತ್ತುತ್ತದೆ. ಅಂಗಡಿಯಲ್ಲಿ ಇದನ್ನು ಬಾಲ್ ಕಾಕ್ ಎಂದು ಕೇಳಬೇಕು. ತೇಲುವ ವಸ್ತುವಿನಿಂದ ನೀರಿನ ಮಟ್ಟವನ್ನು ತಾನಾಗಿ ಕಾಯ್ದುಕೊಳ್ಳುವ ಉಪಾಯ ಬಲು ಪುರಾತನವಾದುದು, ಕ್ರಿ.ಪೂ. ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸನು ತನ್ನ ನೀರಗಡಿಯಾರದಲ್ಲಿ ಇದನ್ನು ಬಳಸಿದನೆಂದು ಹೇಳುತ್ತಾರೆ. ಮುಚ್ಚಲು ಹತ್ತಿಪ್ಪತ್ತು ಸೆಕೆಂಡು ತೆಗೆದುಕೊಳ್ಳುವ ಇಂಥ ಕವಾಟದಿಂದ ಸುತ್ತಿಗೆಯ ಹೊಡೆತ ಹೇಗೆ ಹುಟ್ಟೀತು?

ಕವಾಟ ಸರಿಯಾಗಿದ್ದರೆ ಹುಟ್ಟುವುದಿಲ್ಲ. ತೊಂದರೆ ಬರುವುದು ಅದು ಮುಚ್ಚುವ ಹಂತದಲ್ಲಿ ನಡುಗತೊಡಗಿದಾಗ. ಕಂಡಿಗೂ ವಾಷರಿಗೂ ನಡುವೆ ಕಾಗದದಷ್ಟು ಎಡೆ ಉಳಿದಿರುವಾಗ ಕೂದಲೆಳೆಯಷ್ಟು ಅಲುಗಾಟವೂ ಪ್ರವಾಹವನ್ನು ಬಹಳವಾಗಿ ಬದಲಿಸುತ್ತದೆ. ವಾಷರು ತುಸು ಒತ್ತಿತು, ಪ್ರವಾಹ ತಗ್ಗಿತು. ಕೂಡಲೇ ಸಣ್ಣದೊಂದು ಜಲಾಘಾತವಾಗಿ ಕಂಡಿಯ ಹಿಂದೆ ಒತ್ತಡ ಏರಿತು. ಏರಿದ ಒತ್ತಡ ವಾಷರನ್ನು ಹಿಂದಕ್ಕೆ ನೂಕಿತು, ಕಂಡಿ ತೆರೆಯಿತು, ನೀರು ನುಗ್ಗಿತು. ಅಷ್ಟರಲ್ಲಿ ಕೊಳವೆಯ ಮೂಲದಿಂದ ಮರಳಿದ ಅಲೆ ಒತ್ತಡವನ್ನು ಇಳಿಸಿತು; ಮತ್ತೆ ತೇಲುಗುಂಡು ವಾಷರನ್ನು ಒತ್ತಿತು. ಹೀಗೆ ಸೆಕೆಂಡಿಗೆ ಹತ್ತಾರು ಬಾರಿ, ನೂರು ಬಾರಿ ನಡೆಯುತ್ತದೆ. ಹಾರ್ಮೋನಿಯಮ್ಮಿನ ತಿದಿ ಕೊಡುವ ಗಾಳಿ ಒಂದೇ ಸಮನಾದದ್ದು, ಆದರೂ ಅದು ಸ್ವರದ ಎಳೆಯನ್ನು ಕಂಪಿಸುವಂತೆ ಮಾಡುವುದಿಲ್ಲವೆ? ಇಲ್ಲಿ ಗಾಳಿಯ ಬದಲು ನೀರು, ಎಳೆಯ ಬದಲು ವಾಷರು. ತೇಲುಗುಂಡು ನೀರಿನ ಅಲೆಗಳ ಮೇಲೆ ಕುಣಿಯುವುದೂ ಈ ನಡುಕಕ್ಕೆ ಕುಮ್ಮಕ್ಕು ಕೊಡುತ್ತದೆ.

ಈ ವಾದ್ಯದ ಶ್ರುತಿಯನ್ನೂ ಅಂದಾಜು ಮಾಡಬಹುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ತುದಿ ಮುಚ್ಚಿದ ಗಾಳಿಯ ನಳಿಗೆಯೂ ಶ್ರುತಿಕವೆಯೂ ಒಂದಾಗಿ ಮೊಳಗುವ ಪ್ರಯೋಗವನ್ನು ನೀವು ಮಾಡಿರುತ್ತೀರಿ. ಅಲ್ಲಿಯಂತೆ ಇಲ್ಲಿಯೂ ಅಲೆಯ ವೇಗವನ್ನು ಕೊಳವೆಯ ಉದ್ದದ ನಾಲ್ಕರಷ್ಟರಿಂದ ಭಾಗಿಸಬೇಕು. ದಪ್ಪ ಕೊಳವೆಯಿಂದ ಕವಲೊಡೆದ ೩ ಮೀಟರು ಉದ್ದದ ಜಿ.ಐ. ಕೊಳವೆಯಾದರೆ ಸೆಕೆಂಡಿಗೆ ೧೦೮ ಕಂಪನಗಳು. ಇದು ಗಂಡಸರ ಮಾತಿನ ದನಿಗೆ ಸಮೀಪವಾದ ಶ್ರುತಿ. ೧೩ ಮೀಟರಿನ ಕೊಳವೆಗೆ ೨೫ ಕಂಪನಗಳು. ಅದು ನಾದವಾಗಿ ಕೇಳುವುದಕ್ಕಿಂತ ಗೋಡೆಯ ಗುಡುಗಾಗಿ ಕೇಳುತ್ತದೆ. ಅಂಕುಡೊಂಕಾದ ನಿಜವಾದ ಕೊಳವೆಯಲ್ಲಿ ಲೆಕ್ಕ ಅತ್ತಿತ್ತ ಆಗುವುದು ಸಹಜ. ತೊಟ್ಟಿ ತುಂಬುವುದು ಮುಗಿಯುವ ಹೊತ್ತಿಗೆ ಬರುವ ಗುಂಯ್ಗುಟ್ಟುವಿಕೆಯೂ, ಸಡಿಲವಾದ ಕೊಳವೆ ಗೋಡೆಗೆ ಬಡಿಯುವ ದಡಬಡವೂ ಹೀಗೆ ಒಂದೇ ನಡುಕದ ಮಕ್ಕಳು.

ಹಳೆಯ ಕವಾಟವೂ ಹೊಸ ಒತ್ತಡವೂ ಕೂಡಿದಾಗ ಗದ್ದಲವೇಕೆಂಬುದು ಈಗ ಸ್ಪಷ್ಟವಾಗುತ್ತದೆ. ಬಾಲ್ ಕಾಕುಗಳಲ್ಲಿ ಕಡಿಮೆ ಒತ್ತಡಕ್ಕೆ ಅಗಲ ಕಂಡಿಯವು, ಹೆಚ್ಚು ಒತ್ತಡಕ್ಕೆ ಕಿರುಗಂಡಿಯವು ಎಂದು ಎರಡು ಬಗೆಗಳುಂಟು. ಮಾಳಿಗೆಯ ಟ್ಯಾಂಕಿಗಾಗಿ ಕೂಡಿಸಿದ ಕವಾಟದ ಕಂಡಿ ೬ ಮಿಲಿಮೀಟರು ಎಂದಿಟ್ಟುಕೊಳ್ಳಿರಿ. ೪ ಮೀಟರು ಎತ್ತರದ ನೀರು ವಾಷರನ್ನು ಸುಮಾರು ೧೧೦ ಗ್ರಾಂ ಬಲದಿಂದ ನೂಕುತ್ತಿತ್ತು. ಬೀದಿಯ ಕೊಳವೆಯ ಒತ್ತಡ ೧೨ ಮೀಟರಾದರೆ ಆ ಬಲ ೩೪೦ ಗ್ರಾಂ ಆಗುತ್ತದೆ. ಕಂಡಿಯನ್ನು ೩ ಮಿಲಿಮೀಟರಿಗೆ ಇಳಿಸಿದರೆ ಅದೇ ೧೨ ಮೀಟರಿನಲ್ಲಿ ಬಲ ೮೫ ಗ್ರಾಂ ಮಾತ್ರ, ಮೊದಲಿದ್ದುದಕ್ಕಿಂತಲೂ ಕಡಿಮೆ. ತೊಟ್ಟಿಯನ್ನು ಒಡೆದು ಹಾಕುವ ಮೊದಲು ಈ ಸಣ್ಣ ಲೆಕ್ಕವನ್ನು ಮಾಡಿ ನೋಡುವವರು ಕಡಿಮೆ!

ಉಳಿದ ಎರಡು ಸದ್ದುಗಳನ್ನು ಬೇಗನೆ ಮುಗಿಸಬಹುದು. ತುಂಬುವ ಕಾಲದುದ್ದಕ್ಕೂ ಒಂದೇ ಸಮನೆ ಕೇಳುವ ಸುಯ್ಯೆಂಬ ಸದ್ದು ಕಿರಿದಾದ ಎಡೆಯಲ್ಲಿ ನೀರು ಅತಿವೇಗವಾಗಿ ನುಗ್ಗುವುದರಿಂದ ಬರುವಂಥದು. ವೇಗ ಹೆಚ್ಚಾದಲ್ಲಿ ಒತ್ತಡ ಕುಸಿಯುತ್ತದೆ. ಬಹಳ ಕುಸಿದರೆ ನೀರಿನಲ್ಲಿ ಆವಿಯ ಸಣ್ಣ ಗುಳ್ಳೆಗಳೆದ್ದು ಮರುಕ್ಷಣವೇ ಒಡೆಯುತ್ತವೆ. ಒಲೆಯ ಮೇಲೆ ಎಸರು ಮರಳುವುದಕ್ಕೆ ಮುನ್ನ ಪಾತ್ರೆ ಸುಯ್ಗುಡುವುದೂ ಗುಳ್ಳೆಗಳು ಹೀಗೆ ಕುಸಿಯುವುದರಿಂದಲೇ. ತುಂಬುವುದರ ಆದಿಯಲ್ಲಿ ಮಾತ್ರ ಬರುವ ಫುಸ್, ಟಪ್ ಟಪ್ ಎಂಬ ಸದ್ದು ಗಾಳಿಯದು. ಸರದಿಯ ನೀರು ಬರುವ ಊರುಗಳಲ್ಲಿ ಬರಿದಾದ ಕೊಳವೆಯನ್ನು ಗಾಳಿ ತುಂಬಿಕೊಂಡಿರುತ್ತದೆ. ಗಾಳಿ ಹಗುರವಾದುದರಿಂದ ಅದೇ ಒತ್ತಡದಲ್ಲಿ ನೀರಿನ ಇಪ್ಪತ್ತು ಪಟ್ಟು ವೇಗದಿಂದ ಕಂಡಿಯಿಂದ ಪಾರಾಗುತ್ತದೆ; ಅದರ ಬೆನ್ನಟ್ಟಿ ಬಂದ ನೀರು ಕಂಡಿಯ ಬಳಿ ಥಟ್ಟನೆ ತಡೆದು ನಿಲ್ಲುತ್ತದೆ. ಇದಕ್ಕೆ ಮದ್ದು ಸುಲಭ: ನೀರು ಬರುವ ಹೊತ್ತಿಗೆ ಮನೆಯ ಎಲ್ಲಕ್ಕಿಂತ ಎತ್ತರದ ನಲ್ಲಿಯನ್ನು ತುಸು ತೆರೆದಿಟ್ಟು ಗಾಳಿಗೆ ದಾರಿ ಮಾಡಿಕೊಡಬೇಕು.

ಸದ್ದನ್ನು ಸಹಿಸಿಕೊಂಡರೆ ನಷ್ಟವೇನೆಂದು ಕೇಳಬಹುದು. ಒಂದೊಂದು ಫ್ಲಷ್ಷಿಗೆ ನೂರಾರು ಪೆಟ್ಟು ತಿನ್ನುವ ಕೊಳವೆಯ ಜೋಡಣೆಗಳು ಕ್ರಮೇಣ ಸಡಿಲವಾಗುತ್ತವೆ. ಒತ್ತಡದ ಅಲೆಯ ಹಿಂದೆಯೇ ಒತ್ತಡ ಕುಸಿದ ಅಲೆಯೂ ಬರುತ್ತದೆ. ಸಡಿಲವಾದ ಜೋಡಣೆ ನೆಲದೊಳಗಿನ ಕೊಚ್ಚೆಯಲ್ಲಿದ್ದರೆ ಆ ಕ್ಷಣದಲ್ಲಿ ಹೊರಗಿನದು ಒಳಗೆ ಸೇರುವ ಸಂಭವವಿದೆ. ನಡುಗುವ ವಾಷರು ಬೇಗ ಸವೆದು ಕಂಡಿಯನ್ನು ಪೂರ್ತಿ ಮುಚ್ಚದಾಗುತ್ತದೆ. ನೀರು ತೊಟ್ಟಿಯ ಹೆಚ್ಚುವರಿ ಕೊಳವೆಯಿಂದ ಸದ್ದಿಲ್ಲದೆ ಹರಿದುಹೋಗುತ್ತಿರುತ್ತದೆ. ಐದು ನಿಮಿಷಕ್ಕೆ ಒಂದು ಲೀಟರು ಸೋರಿದರೂ ದಿನಕ್ಕೆ ೨೮೮ ಲೀಟರಾಯಿತು. ಒಳಚರಂಡಿಯುಳ್ಳ ನಮ್ಮ ಪಟ್ಟಣಗಳಲ್ಲಿ ಒಬ್ಬರಿಗೆ ದಿನಕ್ಕೆ ೧೩೫ ಲೀಟರು ನೀರು ಎಂದು ಲೆಕ್ಕ ಹಿಡಿದಿರುತ್ತಾರೆ. ಸರದಿಯ ನೀರಿನಲ್ಲಿ ಟ್ಯಾಂಕು ಬರಿದಾದರೆ ಸೋರಿಕೆ ತಾನಾಗಿ ನಿಲ್ಲುತ್ತಿತ್ತು. ನಿರಂತರ ನೀರಿನಲ್ಲಿ ಅದು ನಿಲ್ಲುವುದಿಲ್ಲ, ಮೀಟರು ಮಲಗುವುದಿಲ್ಲ. ಹೊಳೆ ಸೊರಗಿರುವ ಏಪ್ರಿಲ್ ತಿಂಗಳಲ್ಲಿ ಒಂದು ಸವೆದ ರಬ್ಬರು ತುಂಡು ಇಬ್ಬರ ಪಾಲಿನ ನೀರನ್ನು ಕುಡಿದುಬಿಡುತ್ತದೆ.

ಇನ್ನು ಚಿಕಿತ್ಸೆ. ತೊಟ್ಟಿಯ ಕೆಳಗೆ ಗೋಡೆಯ ಬಳಿ ಆಂಗಲ್ ಕಾಕ್ ಎಂಬ ಸಣ್ಣ ನಲ್ಲಿಯಿರುತ್ತದೆ. ತೊಟ್ಟಿಯ ಮುಚ್ಚಳ ತೆಗೆದಿಟ್ಟು ಫ್ಲಷ್ ಒತ್ತಿರಿ. ಸದ್ದು ಆರಂಭವಾದೊಡನೆ ತೇಲುಗುಂಡಿನ ಸನ್ನೆಯನ್ನು ಬೆರಳಿನಿಂದ ಮೆಲ್ಲಗೆ ಹಿಡಿದು ಅಲುಗದಂತೆ ಮಾಡಿರಿ. ಸದ್ದು ನಿಂತಿತೇ? ಹಾಗಾದರೆ ದೋಷ ಕವಾಟದ್ದು. ಗೋಡೆ ಒಡೆಯುವ ಮಾತೇ ಬೇಡ. ನಿಲ್ಲದಿದ್ದರೆ ಆಂಗಲ್ ಕಾಕನ್ನು ಅರ್ಧ ಸುತ್ತು ಮುಚ್ಚಿ ನೋಡಿರಿ. ಆಗ ಸದ್ದು ಇಳಿದರೆ ನೀರಿನ ವೇಗ ಅತಿಯಾಗಿದೆಯೆಂದು ಅರ್ಥ. ತೊಟ್ಟಿ ತುಂಬಲು ಅರ್ಧ ನಿಮಿಷ ಹೆಚ್ಚು ಹಿಡಿದರೂ ಚಿಂತೆಯಿಲ್ಲವೆನ್ನುವವರು ಅದನ್ನು ಹಾಗೆಯೇ ಬಿಡಬಹುದು. ಒಂದು ಪೈಸೆಯ ಖರ್ಚಿಲ್ಲದೆ ಕೆಲಸ ಮುಗಿಯಿತು. ಈ ಪರೀಕ್ಷೆಯನ್ನು ರಾತ್ರಿಯೊಮ್ಮೆ, ಬೆಳಗಿನ ನೀರಿನ ಗಡಿಬಿಡಿಯಲ್ಲೊಮ್ಮೆ ಮಾಡಿದರೆ ಬೀದಿಯ ಒತ್ತಡದ ಏರಿಳಿತವೂ ಗೊತ್ತಾಗುತ್ತದೆ. ಇಡೀ ಮನೆಯಲ್ಲಿ ಒತ್ತಡ ಅತಿಯಾಗಿದ್ದರೆ ಮೀಟರಿನ ಈಚೆಗೆ ಒತ್ತಡ ತಗ್ಗಿಸುವ ಕವಾಟವನ್ನು ಕೂಡಿಸಬೇಕಾಗುತ್ತದೆ.

ದೋಷ ಕವಾಟದ್ದಾದರೆ ಆಂಗಲ್ ಕಾಕನ್ನು ಪೂರ್ತಿ ಮುಚ್ಚಿ, ಬಾಲ್ ಕಾಕನ್ನು ಬಿಚ್ಚಿ, ವಾಷರನ್ನು ನೋಡಬೇಕು. ನಡುವೆ ಉಂಗುರದಂತೆ ಹಳ್ಳ ಬಿದ್ದಿದ್ದರೆ ಅಥವಾ ರಬ್ಬರು ಕಲ್ಲಿನಂತೆ ಗಟ್ಟಿಯಾಗಿದ್ದರೆ ಹೊಸದನ್ನು ಹಾಕುವುದು. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಕಂಡಿಯ ಅಂಚಿಗೆ ಸುಣ್ಣದ ಹೊಪ್ಪಳಿಕೆ ಕಟ್ಟಿರುತ್ತದೆ. ನಿಂಬೆಯ ರಸದಲ್ಲಿಯೋ ವಿನಿಗರಿನಲ್ಲಿಯೋ ನೆನೆಯಿಟ್ಟರೆ ಅದು ಕರಗಿಹೋಗುತ್ತದೆ. ಒಳಬರುವ ಬಾಯಿಯಲ್ಲಿ ಜಾಲರಿಯಿದ್ದರೆ ಅದರ ಮರಳನ್ನೂ ತೊಳೆಯಬೇಕು. ಇಷ್ಟಾದ ಮೇಲೂ ನಡುಕ ನಿಲ್ಲದಿದ್ದರೆ ತೇಲುಗುಂಡಿನ ಸನ್ನೆಗೆ ತಂತಿಯಿಂದ ಚಿಕ್ಕದೊಂದು ಪ್ಲಾಸ್ಟಿಕ್ ಬಟ್ಟಲನ್ನು ಕಟ್ಟಿ, ಅದು ಸದಾ ನೀರಿನಲ್ಲಿ ಮುಳುಗಿರುವಂತೆ ಇಳಿಬಿಡಿರಿ. ಬಟ್ಟಲು ಮೇಲೆ ಕೆಳಗೆ ಆಡಬೇಕಾದರೆ ತನ್ನೊಳಗಿನ ನೀರನ್ನೆಲ್ಲ ಎಳೆದುಕೊಂಡು ಆಡಬೇಕು. ಬೇಗಬೇಗನೆ ಕುಣಿಯುವುದು ಅದಕ್ಕೆ ಅಸಾಧ್ಯ. ಮೆಲ್ಲನೆ ಏರುವುದಕ್ಕೆ ಅಡ್ಡಿಯಿಲ್ಲ. ಐದು ರೂಪಾಯಿಯ ಈ ಉಪಾಯ ಐನೂರು ರೂಪಾಯಿಯ ಉಪಾಯಗಳನ್ನು ನಾಚಿಸುವುದುಂಟು.

ದಡ್ ಎಂಬ ಸದ್ದು ಜೆಟ್ ಸ್ಪ್ರೇಯಿಂದಲೋ ನಲ್ಲಿಯಿಂದಲೋ ಬರುತ್ತಿದ್ದರೆ ಮೊದಲು ಗೋಡೆಯ ಹೊರಗೆ ಕಾಣುವ ಕೊಳವೆಯನ್ನು ಕೈಯಿಂದ ಅಲುಗಿಸಿ ನೋಡಿರಿ. ಅಲುಗಿದಲ್ಲೆಲ್ಲ ಕ್ಲಿಪ್ಪು ಹೊಡೆದು, ಗೋಡೆಗೂ ಕೊಳವೆಗೂ ನಡುವೆ ರಬ್ಬರಿನ ತುಂಡಿಟ್ಟು ಬಿಗಿಯಬೇಕು. ಇದರಿಂದ ಹೊಡೆತ ಹೋಗುವುದಿಲ್ಲ, ಬಡಿತ ಹೋಗುತ್ತದೆ. ಹೊಡೆತವನ್ನೇ ಕಳೆಯಬೇಕೆಂದರೆ ನೀರಿಗೆ ಇಲ್ಲದ ಸಡಿಲವನ್ನು ಗಾಳಿಯಿಂದ ಒದಗಿಸಬೇಕು. ತಟ್ಟನೆ ಮುಚ್ಚುವ ನಲ್ಲಿಯ ಹತ್ತಿರವೇ ಒಂದು ಟೀ ಕೂಡಿಸಿ, ಸುಮಾರು ಮೊಳದುದ್ದದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲ್ತುದಿಯನ್ನು ಮುಚ್ಚಿಬಿಟ್ಟರೆ ಒಳಗೆ ಸಿಕ್ಕಿಕೊಂಡ ಗಾಳಿ ದಿಂಬಿನಂತೆ ಹೊಡೆತವನ್ನು ನುಂಗುತ್ತದೆ. ಇದೇ ಜಲಾಘಾತವನ್ನೂ ಇದೇ ಗಾಳಿದಿಂಬನ್ನೂ ಜೋಡಿಸಿ, ಬಿಸಿಗಾಳಿಯ ಬಲೂನನ್ನು ನಿರ್ಮಿಸಿದ ಸೋದರರಲ್ಲಿ ಒಬ್ಬನಾದ ಮಾಂಗೊಲ್ಫಿಯೇ ೧೭೯೬ರಲ್ಲಿ ಎಂಜಿನ್ನಿಲ್ಲದೆ ನೀರನ್ನು ಎತ್ತರಕ್ಕೇರಿಸುವ ಹೈಡ್ರಾಲಿಕ್ ರ‍್ಯಾಮ್ ಎಂಬ ಯಂತ್ರವನ್ನು ಕಟ್ಟಿದನು. ನಮ್ಮ ಮನೆಯ ಗಾಳಿದಿಂಬಿಗೆ ಒಂದು ಕುಂದುಂಟು: ಗಾಳಿ ನೀರಿನಲ್ಲಿ ಮೆಲ್ಲನೆ ಕರಗಿಹೋಗುತ್ತದೆ. ಸದ್ದು ಮರಳಿದಾಗ ಮುಖ್ಯ ನಲ್ಲಿಯನ್ನು ಮುಚ್ಚಿ, ಮೇಲಿನ ಕೆಳಗಿನ ನಲ್ಲಿಗಳನ್ನು ತೆರೆದು ಕೊಳವೆಯನ್ನು ಬರಿದು ಮಾಡಿ ಮತ್ತೆ ತುಂಬಿಸಿದರೆ ಹೊಸ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಕರಗದಂತೆ ನಡುವೆ ಕೊಂತವಿಟ್ಟ ಸಿದ್ಧ ಸಾಧನಗಳೂ ಈಗ ದೊರೆಯುತ್ತವೆ.

ಸದ್ದಡಗಿಸಲು ಬಳಕೆಯಲ್ಲಿರುವ ಇನ್ನೊಂದು ಉಪಾಯದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಬಾಲ್ ಕಾಕಿನ ಬಾಯಿಗೆ ಒಂದು ಗಟ್ಟಿ ನಳಿಗೆಯನ್ನು ಸಿಕ್ಕಿಸಿ ತೊಟ್ಟಿಯ ತಳದವರೆಗೆ ಇಳಿಬಿಡುತ್ತಾರೆ. ನೀರು ಮೇಲಿನಿಂದ ಧುಮುಕುವ ಸದ್ದು ಇದರಿಂದ ನಿಲ್ಲುವುದು ನಿಜ. ಆದರೆ ಬೀದಿಯ ಕೊಳವೆ ಬರಿದಾಗುವಾಗ ಅದರಲ್ಲಿ ಹೀರಿಕೆ ಉಂಟಾಗುತ್ತದೆ. ಆ ವೇಳೆಗೆ ತೊಟ್ಟಿಯ ಕವಾಟ ತೆರೆದಿದ್ದರೆ, ನಳಿಗೆಯ ತುದಿ ನೀರಿನಲ್ಲಿ ಮುಳುಗಿರುವುದರಿಂದ ಶೌಚಾಲಯದ ತೊಟ್ಟಿಯ ನೀರು ಕುಡಿಯುವ ನೀರಿನ ಕೊಳವೆಗೆ ಹಿಮ್ಮುಖವಾಗಿ ಹರಿದೀತು. ಸರದಿಯ ನೀರಿರುವಲ್ಲಿ ಕೊಳವೆ ಬರಿದಾಗುವುದು ಪ್ರತಿಸಲದ ಸಂಗತಿ. ನಿರಂತರ ನೀರಿರುವಲ್ಲಿಯೂ ರಿಪೇರಿಗಾಗಿ ನೀರು ನಿಲ್ಲಿಸಿದ ದಿನ ಹೀಗಾಗಬಹುದು. ಹೊಸ ಬಗೆಯ ಕೆಲವು ಕವಾಟಗಳಲ್ಲಿ ಇದಕ್ಕೆ ತಡೆಯನ್ನು ಮೊದಲೇ ಇಟ್ಟಿರುತ್ತಾರೆ. ನಿಮ್ಮ ತೊಟ್ಟಿಯಲ್ಲಿ ಇರುವುದು ಬರಿಯ ಗಟ್ಟಿ ನಳಿಗೆಯಾದರೆ ಅದನ್ನು ಕಿತ್ತುಹಾಕಬೇಕು. ಇಲ್ಲವೆ ತುಂಬಿದ ನೀರಿನ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಅದರ ಬದಿಗೆ ಒಂದು ಸಣ್ಣ ತೂತು ಕೊರೆಯಬೇಕು. ಹೀರಿಕೆ ಉಂಟಾದಾಗ ಆ ತೂತಿನಿಂದ ಗಾಳಿ ಒಳಹೊಕ್ಕು ಹಿಮ್ಮುಖದ ಹರಿವನ್ನು ಕಡಿದುಹಾಕುತ್ತದೆ. ತುಂಬುವಾಗ ಅಲ್ಲಿಂದ ಚಿಮ್ಮುವ ನೀರಿನ ಸಣ್ಣ ಸದ್ದು ತೊಟ್ಟಿಯ ಮುಚ್ಚಳವಿಟ್ಟರೆ ಕೇಳಿಸುವುದಿಲ್ಲ.